ತಿದ್ದಿದ ಆಟ, ತೆಗೆದ ಹೆಸರು

ನಮ್ಮ ದೇವದುರ್ಗದ ಅತ್ತಿಯ ಮಗ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿ ಎಂದರೆ ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕಾದಷ್ಟು ಜಾಗ. ವಿಶ್ವವಿದ್ಯಾಲಯದಿಂದ ಊರಿಗೆ ಬಂದಾಗಲೆಲ್ಲ, ಮಾನ್ವಿ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಅಲ್ಲಿ ಹೋಗಿ ಕೂಡುತ್ತೇನೆ. ಹೋದ ತಿಂಗಳು ಹಾಗೆ ಕೂತಿದ್ದಾಗ ಒಬ್ಬರು ಕೈಚೀಲದಲ್ಲಿ ಹಳೆಯ ಟಿವಿ ಗೇಮ್ ತಂದರು. ಮನೆ ಸುಣ್ಣಕ್ಕೆ ಅಟ್ಟ ಇಳಿಸುವಾಗ ಸಿಕ್ಕಿತಂತೆ. ಮಗನಿಗೆ ತೋರಿಸಬೇಕಂತೆ.

"ಇದು ರಿಪೇರಿ ಆಗ್ತದೇನ್ರಿ?"

"ಬಿಚ್ಚಿ ನೋಡಮು ತಡೀರಿ," ಅಂದ ಇವನು. ನಾಲ್ಕು ಸ್ಕ್ರೂ ತೆಗೆದ. ಒಳಗೆ ನಮ್ಮ ಬಾಲ್ಯದಲ್ಲಿ ಇದ್ದದ್ದೇ ಇತ್ತು. ಅಂಗೈ ಅಗಲದ ಹಸಿರು ಬೋರ್ಡು, ಅದರ ನಡುವೆ ಡಾಂಬರು ತೊಟ್ಟಿಕ್ಕಿದಂತೆ ಒಂದು ಕಪ್ಪು ಹನಿ. ಇಡೀ ಯಂತ್ರದ ಬುದ್ಧಿ ಆ ಹನಿಯ ಕೆಳಗಿರುತ್ತದೆ. ಅದನ್ನು ಕೆರೆದರೆ ಬುದ್ಧಿಯೂ ಹೋಗುತ್ತದೆ. ಇವನು ಅದರ ತಂಟೆಗೆ ಹೋಗದೆ, ರಿಮೋಟಿನ ತುಂಡಾದ ವೈರನ್ನು ಹುಡುಕಿ ಬೆಸುಗೆ ಹಾಕಿದ. ಅಂಗಡಿಯ ಪುಟ್ಟ ಪರದೆಗೆ ಜೋಡಿಸಿ ಗುಂಡಿ ಒತ್ತಿದಾಗ, ಕರಕರ ಸಂಗೀತದ ಜೊತೆ ಅದೇ ಹಳೆಯ ಪಟ್ಟಿ ಬಂತು: 9999999 ಇನ್ 1. ಇಬ್ಬರೂ ಜೋರಾಗಿ ನಕ್ಕೆವು. ಗಿರಾಕಿಗೆ ನಾವು ಯಾಕೆ ನಗುತ್ತಿದ್ದೇವೆ ಎಂದು ಗೊತ್ತಾಗಿ ಅವರೂ ನಕ್ಕರು.

ಆ ನಗುವಿನ ಮಧ್ಯೆ ನನಗೆ ಗಂಟಲು ಕಟ್ಟಿತು. 2011ರ ಮೇ ತಿಂಗಳಿನಿಂದ ಇವನಿಗೆ ನಾನು ಹೇಳಬೇಕಾಗಿರುವ ಒಂದು ಮಾತಿದೆ. ಅದನ್ನು ಹೇಳುವ ಮೊದಲು, ಅದು ಅಷ್ಟು ದೊಡ್ಡ ತಪ್ಪೇ, ತಪ್ಪಾದರೆ ಯಾಕೆ ತಪ್ಪು ಎಂದು ನನಗೇ ತಿಳಿಯಬೇಕಿತ್ತು. ಈ ಬರಹ ಆ ಲೆಕ್ಕಾಚಾರ.

ಆ ಟಿವಿ ಗೇಮಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದೇ ಒಂದು ತಿದ್ದುಪಡಿಯ ವಸ್ತು. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮನೆಗಳಿಗೆ ಬಂದದ್ದು ಅದಲ್ಲ, ಅದರ ನಕಲು. ನಕಲು ಮಾಡಿದವರು ಸುಮ್ಮನೆ ನಕಲು ಮಾಡಲಿಲ್ಲ. ಹಲವು ಚಿಪ್ಪುಗಳ ಕೆಲಸವನ್ನು ಒಂದೇ ಚಿಪ್ಪಿಗೆ ಇಳಿಸಿದರು, ಅದರ ಮೇಲೆ ಆ ಕಪ್ಪು ಹನಿ ಸುರಿದರು, ರಿಮೋಟಿಗೆ ಎರಡು ಟರ್ಬೊ ಗುಂಡಿ ಸೇರಿಸಿದರು. ಒತ್ತಿ ಹಿಡಿದರೆ ಸಾಕು, ಗುಂಡು ತಾನೇ ಹಾರುತ್ತಿರುತ್ತದೆ. ಇನ್ನು ಆ ತೊಂಬತ್ತೊಂಬತ್ತು ಲಕ್ಷದ ಪಟ್ಟಿ. ನಿಜಕ್ಕೂ ಅದರಲ್ಲಿದ್ದದ್ದು ಬೆರಳೆಣಿಕೆಯ ಆಟಗಳು. ಅವನ್ನೇ ಹೊಸ ಹೆಸರಿಟ್ಟು, ಒಂದನ್ನು ಎರಡನೇ ಹಂತದಿಂದ, ಇನ್ನೊಂದನ್ನು ಐದನೇ ಹಂತದಿಂದ ಶುರುವಾಗುವಂತೆ ತಿದ್ದಿ, ಮತ್ತೆ ಮತ್ತೆ ಬರೆದಿದ್ದರು. ಮಾನ್ವಿಯಲ್ಲಿ ನಾನು ಒಂದು ಇಡೀ ದಸರಾ ರಜೆಯನ್ನು ಆ ಪಟ್ಟಿಯ ಕೊನೆ ಮುಟ್ಟಲು ಖರ್ಚು ಮಾಡಿದ್ದೇನೆ. ಮುಟ್ಟಲಿಲ್ಲ.

ಹಾಗೆ ನೋಡಿದರೆ ಆಟದಲ್ಲಿ ಕಳ್ಳಬಾಗಿಲು ಇಟ್ಟವರು ಆಟ ಮಾಡಿದವರೇ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ, 1986ರಲ್ಲಿ ಗ್ರಾಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷೆ ಮಾಡಲು ಆಟ ತನಗೇ ತೀರ ಕಷ್ಟವಾಯಿತೆಂದು ಒಂದು ಗುಂಡಿಗಳ ಸರಣಿಯನ್ನು ಒಳಗೆ ಬಿಟ್ಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮುಂದೆ ಕಾಂಟ್ರಾ ಆಟದಲ್ಲಿ ಇದೇ ಸರಣಿ ಒತ್ತಿದರೆ ಮೂವತ್ತು ಜೀವ ಸಿಗುತ್ತಿತ್ತು. ನಮ್ಮ ಓಣಿಗೆ ಇದು ಯಾರ ಮೂಲಕ ಬಂತೋ! ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಮೂವತ್ತು ಜೀವದಿಂದ ಗೆದ್ದವನನ್ನು ಯಾರೂ ಮೋಸಗಾರ ಅನ್ನುತ್ತಿರಲಿಲ್ಲ. ಸರಣಿ ಎಲ್ಲರಿಗೂ ಗೊತ್ತಿತ್ತಲ್ಲ. ಈ 'ಎಲ್ಲರಿಗೂ ಗೊತ್ತಿತ್ತು' ಎಂಬ ಮಾತಿಗೆ ನಾನು ಮತ್ತೆ ಬರುತ್ತೇನೆ.

ಸಾಮಾನ್ಯವಾಗಿ ಈ ವಿಷಯ ಎತ್ತಿದರೆ ಮೊದಲು ಬರುವ ಪ್ರಶ್ನೆ ಒಡೆತನದ್ದು. ಆಟ ಮಾಡಿದವರು ಬೇರೆ, ಕೊಂಡವರು ಬೇರೆ. ಕೊಂಡವರು ಅದರ ಹೊಟ್ಟೆ ಬಗೆಯಬಹುದೇ? ಅಮೆರಿಕದಲ್ಲಿ ಗೇಮ್ ಜೀನಿ ಎಂಬ ಪುಟ್ಟ ಸಲಕರಣೆಯ ಮೇಲೆ ದೊಡ್ಡ ಮೊಕದ್ದಮೆಯೇ ನಡೆಯಿತು. ಕಾರ್ಟ್ರಿಜ್ ಮತ್ತು ಯಂತ್ರದ ನಡುವೆ ಅದನ್ನು ಸಿಕ್ಕಿಸಿ, ಕೆಲವು ಅಕ್ಷರಗಳ ಸಂಕೇತ ಕೊಟ್ಟರೆ, ಯಂತ್ರ ಕಾರ್ಟ್ರಿಜ್ಜನ್ನು ಓದುವಾಗ ಒಂದೆರಡು ಜಾಗದಲ್ಲಿ ಅದು ನಡುವೆ ಬಾಯಿ ಹಾಕಿ ಬೇರೆ ಅಂಕಿ ಹೇಳುತ್ತಿತ್ತು. ಮೂರು ಜೀವ ಇದ್ದಲ್ಲಿ ಒಂಬತ್ತು. ಕಾರ್ಟ್ರಿಜ್ಜಿನಲ್ಲಿ ಏನೂ ಬದಲಾಗುತ್ತಿರಲಿಲ್ಲ. ತೆಗೆದಿಟ್ಟರೆ ಆಟ ಮೊದಲಿನಂತೆಯೇ. ಇದು ತನ್ನ ಕೃತಿಯ ವಿಕೃತಿ ಎಂದು ನಿಂಟೆಂಡೊ ವಾದಿಸಿತು. 1991ರಲ್ಲಿ ನ್ಯಾಯಾಧೀಶೆ ಫರ್ನ್ ಸ್ಮಿತ್ ಆ ವಾದವನ್ನು ಒಪ್ಪಲಿಲ್ಲ. ಕೊಂಡ ಪುಸ್ತಕದ ಪುಟಗಳನ್ನು ಹಾರಿಸಿ ಓದುವುದಕ್ಕೂ, ವಿಡಿಯೊ ಟೇಪನ್ನು ಬೇಗ ಓಡಿಸಿ ನೋಡುವುದಕ್ಕೂ ಇದನ್ನು ಅವರು ಹೋಲಿಸಿದರು. 1992ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಆಸ್ಟ್ರೇಲಿಯದ ಪ್ರಕರಣ ಇನ್ನೂ ಸ್ವಾರಸ್ಯದ್ದು. ಸಿಡ್ನಿಯ ಎಡ್ಡಿ ಸ್ಟೀವನ್ಸ್ ಎಂಬಾತ ಪ್ಲೇಸ್ಟೇಷನ್ ಯಂತ್ರಗಳಿಗೆ ಮಾಡ್‌ಚಿಪ್ ಕೂಡಿಸಿಕೊಡುತ್ತಿದ್ದ. ಸೋನಿಯ ಅಸಲಿ ಡಿಸ್ಕಿನಲ್ಲಿ ಸಾಮಾನ್ಯ ಸಿಡಿ ರೈಟರ್ ನಕಲು ಮಾಡಲಾಗದ ಒಂದು ಗುರುತು ಇರುತ್ತದೆ; ಯಂತ್ರ ಮೊದಲು ಅದನ್ನು ಹುಡುಕುತ್ತದೆ. ಮಾಡ್‌ಚಿಪ್ ಆ ಗುರುತನ್ನು ತಾನೇ ಯಂತ್ರದ ಕಿವಿಯಲ್ಲಿ ಊದುತ್ತದೆ. ಅದರಿಂದ ನಕಲಿ ಡಿಸ್ಕೂ ಓಡುತ್ತಿತ್ತು, ಬೇರೆ ದೇಶದಲ್ಲಿ ಕೊಂಡ ಅಸಲಿ ಡಿಸ್ಕೂ ಓಡುತ್ತಿತ್ತು. 2005ರಲ್ಲಿ ಅಲ್ಲಿನ ಸರ್ವೋಚ್ಚ ಪೀಠ ಸ್ಟೀವನ್ಸ್ ಪರ ತೀರ್ಪು ಕೊಟ್ಟಿತು. ಸೋನಿಯ ಬೀಗ ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದದ್ದನ್ನು ಆಡುವುದನ್ನಷ್ಟೇ ತಡೆಯುತ್ತದೆ, ಆಗಿನ ಕಾಯಿದೆ ರಕ್ಷಿಸುವ ಬೀಗ ಇದಲ್ಲ ಎಂದಿತು.

ನಮ್ಮ ಕೃತಿಸ್ವಾಮ್ಯ ಕಾಯಿದೆಯನ್ನು ತೆರೆದು ನೋಡಿದಾಗ ನನಗೆ ಆಶ್ಚರ್ಯವಾಯಿತು. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕು ಕದಿಯುವ ಉದ್ದೇಶದಿಂದ ಇಂಥ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ, ನಿಜ. ಆದರೆ 52ನೇ ಕಲಂ, ತಾನು ಕಾನೂನುಬದ್ಧವಾಗಿ ಪಡೆದ ತಂತ್ರಾಂಶವನ್ನು ಲಾಭಕ್ಕಲ್ಲದೆ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಬಹುದು, ಮಾರ್ಪಡಿಸಿಕೊಳ್ಳಬಹುದು ಎನ್ನುತ್ತದೆ. ಅಂದರೆ ಸುಮ್ಮನೆ ಖುಷಿಗಾಗಿ ತನ್ನ ಆಟವನ್ನು ತಿದ್ದಿಕೊಂಡ ಹುಡುಗನ ಪರವಾಗಿ ಕಾನೂನು ನಿಂತಿದೆ. ನಾವು ಸೋಲುವುದು ಮೊದಲ ಮೆಟ್ಟಿಲಲ್ಲೇ: 'ಕಾನೂನುಬದ್ಧವಾಗಿ ಪಡೆದ'. ಆ ದಿನಗಳಲ್ಲಿ ನಾನು ಮಾನ್ವಿಯಲ್ಲಿ ಒಂದೂ ಅಸಲಿ ಡಿಸ್ಕ್ ಕಂಡವನಲ್ಲ. ರಾಯಚೂರಿಗೆ ಹೋದವರು ಮೂವತ್ತು ನಲವತ್ತು ರೂಪಾಯಿಗೆ ತರುತ್ತಿದ್ದ, ಮೇಲೆ ಮಾರ್ಕರಿನಲ್ಲಿ ಹೆಸರು ಗೀಚಿದ ಡಿಸ್ಕುಗಳೇ ನಮ್ಮ ಪಾಲಿನ ಅಸಲು. ಅದು ಕಳ್ಳಮಾಲು. ಬಡತನ, ದೂರ, ಅಂಗಡಿ ಇಲ್ಲದಿರುವುದು, ಇವೆಲ್ಲ ಕಾರಣಗಳು ಹೌದು. ಅವುಗಳಿಂದ ಅದು ಕಳ್ಳಮಾಲಲ್ಲ ಎಂದಾಗುವುದಿಲ್ಲ. ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ, ಇಷ್ಟು ವರ್ಷಗಳಲ್ಲಿ ಆ ವಿಚಾರ ಒಂದು ರಾತ್ರಿಯೂ ನನ್ನ ನಿದ್ದೆ ಕೆಡಿಸಿಲ್ಲ. ನಿದ್ದೆ ಕೆಡಿಸಿದ್ದು ಬೇರೆ.

ಇಎ ಸ್ಪೋರ್ಟ್ಸ್ ಕಂಪನಿಯ ಕ್ರಿಕೆಟ್ 07 ನನ್ನ ವಯಸ್ಸಿನ ಹುಡುಗರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. 2006ರ ಕೊನೆಗೆ ಬಂದ ಆಟ ಅದು. ಅದಾದ ಮೇಲೆ ಆ ಕಂಪನಿ ಕಂಪ್ಯೂಟರಿಗೆ ಮತ್ತೊಂದು ಕ್ರಿಕೆಟ್ ಆಟ ತರಲೇ ಇಲ್ಲ. ಕಂಪನಿ ಕೈಬಿಟ್ಟ ಈ ಆಟವನ್ನು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಹುಡುಗರು ಕೈಬಿಡಲಿಲ್ಲ. ಆಟ ಬಂದಾಗ ಐಪಿಎಲ್ ಹುಟ್ಟಿಯೇ ಇರಲಿಲ್ಲ. 2008ರಲ್ಲಿ ಅದು ಶುರುವಾದ ಮೇಲೆ ಪ್ರತಿ ಸೀಸನ್ನಿಗೂ ಯಾರೋ ಕುಳಿತು ಹೊಸ ಜೆರ್ಸಿ ಬರೆದರು, ಬ್ಯಾಟಿನ ಸ್ಟಿಕರ್ ಬದಲಿಸಿದರು, ಕ್ರೀಡಾಂಗಣದ ಹೋರ್ಡಿಂಗುಗಳನ್ನೂ ಬದಲಿಸಿದರು. ಇವಕ್ಕೆ ಪ್ಯಾಚ್ ಎನ್ನುತ್ತಿದ್ದೆವು. ಹರಿದ ಅಂಗಿಗೆ ಹಾಕುವ ತ್ಯಾಪಿ ಇದ್ದ ಹಾಗೆ. ಬದಲಿಸಲು ಕಷ್ಟವಾದದ್ದು ದನಿ. ಹಾಗಾಗಿ ನಮ್ಮ ಬೆಂಗಳೂರು ತಂಡದ ಬ್ಯಾಟುಗಾರ ಸಿಕ್ಸರ್ ಹೊಡೆದಾಗಲೂ ಮಾರ್ಕ್ ನಿಕೊಲಸ್ ಮತ್ತು ರಿಚಿ ಬೆನೊ ಅವರೇ ಮಾತಾಡುತ್ತಿದ್ದರು, ಆಸ್ಟ್ರೇಲಿಯ-ಇಂಗ್ಲೆಂಡ್ ಪಂದ್ಯ ನೋಡುತ್ತಿರುವವರ ಹಾಗೆ. ಬೆನೊ 2015ರಲ್ಲಿ ತೀರಿಕೊಂಡರು. ತ್ಯಾಪಿ ಹಾಕಿದ ಈ ಆಟದಲ್ಲಿ ಅವರು ಇನ್ನೂ ವೀಕ್ಷಕ ವಿವರಣೆ ಕೊಡುತ್ತಲೇ ಇದ್ದಾರೆ.

ಇನ್ನೊಂದು ಸಂಗತಿ. ಆ ಆಟಕ್ಕೆ ಎಲ್ಲ ತಂಡಗಳ ಪರವಾನಗಿ ಇರಲಿಲ್ಲ. ಅದಕ್ಕೇ ಭಾರತದ ಆಟಗಾರರ ಹೆಸರುಗಳು ತಿರುಚಿದ ರೂಪದಲ್ಲಿ ಇದ್ದವು. ಡಿಸ್ಕ್ ಹಾಕಿದ ಮೊದಲ ದಿನವೇ ಹೆಸರು ತಿದ್ದಬೇಕಾಗುತ್ತಿತ್ತು. ತಿದ್ದುವುದನ್ನು ನಾವು ಕಲಿತದ್ದು ಹಾಗೆ, ತಪ್ಪನ್ನು ಸರಿ ಮಾಡುತ್ತಾ.

2011ರ ಏಪ್ರಿಲ್ 2ರಂದು ಭಾರತ ವಿಶ್ವಕಪ್ ಗೆದ್ದಿತು. ಮೇ ತಿಂಗಳಿಗೆ ಅತ್ತಿಯ ಮಗ ರಜೆಗೆಂದು ದೇವದುರ್ಗದಿಂದ ಮಾನ್ವಿಗೆ ಬಂದ. ನನಗಿಂತ ಎಂಟು ತಿಂಗಳು ಸಣ್ಣವನು. ನಮ್ಮ ಬಸ್ ನಿಲ್ದಾಣದ ಕಡೆ ಒಂದು ನೆಟ್ ಸೆಂಟರ್ ಇತ್ತು, ನಾಲ್ಕು ಕಂಪ್ಯೂಟರು, ತಾಸಿಗೆ ಹದಿನೈದು ರೂಪಾಯಿ. ಶಕ್ತಿನಗರದಲ್ಲಿ ಇಡೀ ರಾಜ್ಯಕ್ಕೆ ಕರೆಂಟು ಹುಟ್ಟಿಸುವ ಜಿಲ್ಲೆಯ ಮಕ್ಕಳು ನಾವು. ಆದರೂ ಕರೆಂಟು ಹೋದರೆ ಮ್ಯಾಚ್ ರದ್ದು, ರೊಕ್ಕ ಮಾತ್ರ ರದ್ದಿಲ್ಲ ಎಂಬುದು ಅಲ್ಲಿನ ನಿಯಮ. ಅಲ್ಲಿ ನಾವಿಬ್ಬರೂ ಕೂತು ಹೊಸ ತಂಡಗಳನ್ನು ಕಟ್ಟಿದೆವು. ಸೆಹ್ವಾಗ್, ತೆಂಡೂಲ್ಕರ್ ಎಲ್ಲರನ್ನೂ ತೆಗೆದು ನಮ್ಮ ಓಣಿಯ ಹುಡುಗರ ಹೆಸರು ಹಾಕಿದೆವು. ಒಂದು ಮಾನ್ವಿ ಇಲೆವೆನ್, ಒಂದು ದೇವದುರ್ಗ ಇಲೆವೆನ್. ಅವನ ತಂಡಕ್ಕೆ ಅವನೇ ಆರಂಭ ಆಟಗಾರ, ಅವನೇ ಕ್ಯಾಪ್ಟನ್. ಪರದೆಯ ಮೇಲೆ ತನ್ನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ರನ್ನುಗಳ ಪಕ್ಕ ಬಂದಾಗ ಅವನು ಕುರ್ಚಿಯಿಂದ ಎದ್ದು ನಿಂತಿದ್ದು ನನಗೆ ನೆನಪಿದೆ.

ಮೊದಲ ವಾರ ಅವನೇ ಗೆದ್ದ. ಐದು ಓವರಿನ ಮ್ಯಾಚು, ಸೋತವನು ಮಂಡಾಳ ಒಗ್ಗರಣಿ-ಮಿರ್ಚಿ ಕೊಡಿಸಬೇಕು. ನನ್ನ ಊರಿನಲ್ಲಿ, ನನ್ನ ಗೆಳೆಯರ ಎದುರು, ರಜೆಗೆ ಬಂದವನು ದಿನಾ ಗೆಲ್ಲುತ್ತಿದ್ದ. ಪ್ಯಾಚಿನ ಸಿಡಿಯಲ್ಲಿ ಆಟಗಾರರ ಪಟ್ಟಿ ತಿದ್ದುವ ಒಂದು ಪುಟ್ಟ ತಂತ್ರಾಂಶ ಇತ್ತು. ಹೆಸರಷ್ಟೇ ಅಲ್ಲ, ಯಾರಿಗೆ ಎಷ್ಟು ಬ್ಯಾಟಿಂಗ್ ಬಲ ಎಂಬ ಅಂಕಿಗಳೂ ಅದರಲ್ಲಿ ಸಿಗುತ್ತಿದ್ದವು. ಒಂದು ಬೆಳಿಗ್ಗೆ ನಾನು ಒಬ್ಬನೇ ಹೋಗಿ, ದೇವದುರ್ಗ ತಂಡದ ಮೊದಲ ಆಟಗಾರನ ಅಂಕಿಗಳನ್ನು ಇಳಿಸಿದೆ. ಕೊನೆಯ ಬೌಲರನಷ್ಟು ಇಳಿಸಿದೆ. ಬೇರೆ ಯಾರನ್ನೂ ಮುಟ್ಟಲಿಲ್ಲ. ಹಾಗೆ ಮಾಡಿದರೆ ಗೊತ್ತಾಗುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು.

ಅವನು ಔಟಾಗತೊಡಗಿದ. ಅದೇ ಗುಂಡಿ, ಅದೇ ಹೊತ್ತಿಗೆ ಒತ್ತುತ್ತಿದ್ದ. ಚೆಂಡು ಬ್ಯಾಟಿನ ಅಂಚಿಗೆ ತಾಗುತ್ತಿತ್ತು. ಅವನ ತಂಡದ ಉಳಿದವರು ಚೆನ್ನಾಗಿಯೇ ಹೊಡೆಯುತ್ತಿದ್ದರು. ಅವನ ಹೆಸರಿನವನು ಮಾತ್ರ ಬಂದ, ಹೋದ. ಆರನೇ ದಿನವೋ ಏಳನೇ ದಿನವೋ ಇರಬೇಕು, ಅವನು ಮೌಸು ನನ್ನ ಕಡೆ ಸರಿಸಿ ಹೇಳಿದ: "ನನ್ನ ಹೆಸರು ತೆಗದುಬಿಡಲೇ. ಟೀಮಿಗೆ ಭಾರ ಆಗಕತ್ತೀನಿ."

ನಾನು ತೆಗೆದೆ.

ಆಗ ನನಗೆ ಆದದ್ದು ಗೆದ್ದ ಖುಷಿಯಲ್ಲ, ಸಿಕ್ಕಿಬೀಳಲಿಲ್ಲ ಎಂಬ ನಿರಾಳ. ಅದರ ಮೇಲಿನ ಹೆಸರಿಲ್ಲದ ಸಂಕಟ ಬಂದದ್ದು ಬಹಳ ವರ್ಷಗಳ ನಂತರ, ಎಂ.ಎ. ಓದುವಾಗ, ಆಟದ ಬಗ್ಗೆ ಇಬ್ಬರು ಬರೆದದ್ದನ್ನು ಓದಿದಾಗ. ಡಚ್ ಇತಿಹಾಸಕಾರ ಹೊಯ್ಜಿಂಗ 1938ರ 'ಹೋಮೊ ಲುಡೆನ್ಸ್' ಪುಸ್ತಕದಲ್ಲಿ, ಆಟದಲ್ಲಿ ಮೋಸ ಮಾಡುವವನಿಗಿಂತ ಆಟ ಕೆಡಿಸುವವನು ಹೆಚ್ಚು ಅಪಾಯದವನು ಎಂಬ ಅರ್ಥದ ಮಾತು ಹೇಳುತ್ತಾನೆ. ಮೋಸಗಾರ ನಿಯಮ ಪಾಲಿಸುವಂತೆ ನಟಿಸುವುದರಿಂದ ಆಟದ ಲೋಕ ಉಳಿಯುತ್ತದೆ. ಕೆಡಿಸುವವನು 'ಇದೆಲ್ಲ ಸುಳ್ಳು' ಎಂದು ಎದ್ದುಹೋಗಿ ಆ ಲೋಕವನ್ನೇ ಒಡೆಯುತ್ತಾನೆ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಜ್ಞಾನಿ 1978ರ 'ದಿ ಗ್ರಾಸ್‌ಹಾಪರ್'ನಲ್ಲಿ ಆಟಕ್ಕೆ ಒಂದು ವ್ಯಾಖ್ಯೆ ಕೊಡುತ್ತಾನೆ. ಬೇಕಿಲ್ಲದ ಅಡೆತಡೆಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದೇ ಆಟ. ಗಾಲ್ಫ್ ಚೆಂಡನ್ನು ಕೈಯಿಂದಲೇ ಕುಣಿಯೊಳಗೆ ಹಾಕಬಹುದು. ಕೋಲಿನಿಂದ ಹೊಡೆಯುತ್ತೇನೆ ಎಂದು ಒಪ್ಪಿಕೊಂಡಾಗಲೇ ಅದು ಗಾಲ್ಫ್. ಮೋಸಗಾರನಿಗೆ ಗುರಿ ಬೇಕು, ನಿಯಮ ಬೇಡ.

ಇವರಿಬ್ಬರ ಪಟ್ಟಿಯಲ್ಲಿ ನಾನು ಎಲ್ಲಿ? ಹುಡುಕಿದೆ, ಸಿಗಲಿಲ್ಲ. ನಾನು ಒಂದು ನಿಯಮವನ್ನೂ ಮುರಿದಿರಲಿಲ್ಲ. ಕ್ರೀಸ್ ದಾಟಿ ಬೌಲಿಂಗ್ ಹಾಕಿರಲಿಲ್ಲ, ಅವನು ಆಡುವಾಗ ಮೊಣಕೈ ತಾಗಿಸಿರಲಿಲ್ಲ. (ಮೊಣಕೈ ತಾಗಿಸುವುದು ನಮ್ಮಲ್ಲಿ ಅಂಗೀಕೃತ ಮೋಸ, ಅದಕ್ಕೆ ಬೈಗುಳವೇ ಶಿಕ್ಷೆ.) ನಾನು ಮುಟ್ಟಿದ್ದು ನಿಯಮದ ಕೆಳಗಿನ ನೆಲವನ್ನು. ಚೌಕಾಬಾರದಲ್ಲಿ ಕವಡೆ ಹಾಕುವಾಗ ಕೈಚಳಕ ಮಾಡುವವನು ಮೋಸಗಾರ. ಎದುರಾಳಿಯ ಪಾಲಿನ ಹುಣಸೆಬೀಜಗಳನ್ನು ರಾತ್ರಿ ಕದ್ದು ಒಯ್ದು ಒಂದು ಮಗ್ಗುಲು ತುಸು ಹೆಚ್ಚು ತಿಕ್ಕಿ ಇಡುವವನಿಗೆ ಏನು ಹೆಸರು? ಮೊದಲನೆಯವನ ಎದುರು ಸೋತವನು 'ಅವನು ಮೋಸ ಮಾಡಿದ' ಎನ್ನಬಹುದು, ಜಗಳ ತೆಗೆಯಬಹುದು, ಕೊನೆಗೆ ಹಣೆಬರಹಕ್ಕೆ ಬೈಯಬಹುದು. ನನ್ನ ಎದುರು ಸೋತವನಿಗೆ ಬೈಯಲು ಯಾರೂ ಉಳಿದಿರಲಿಲ್ಲ, ತನ್ನನ್ನು ಬಿಟ್ಟು. ಅವನು ಕಳೆದುಕೊಂಡದ್ದು ಒಂದು ಪ್ಲೇಟು ಮಿರ್ಚಿಯಲ್ಲ. ತಾನು ಎಷ್ಟು ಬಲ್ಲೆ ಎಂದು ತಿಳಿದುಕೊಳ್ಳಲು ಹದಿಮೂರು ಹದಿನಾಲ್ಕರ ಹುಡುಗನಿಗೆ ಇರುವ ಅಳತೆಗೋಲುಗಳು ಕಡಿಮೆ. ಅದರಲ್ಲಿ ಒಂದನ್ನು ನಾನು ರಹಸ್ಯವಾಗಿ ಬಗ್ಗಿಸಿದ್ದೆ. ಅದು ಬಗ್ಗಿದೆ ಎಂದು ಗೊತ್ತಿಲ್ಲದ ಅವನು ಅದರಿಂದ ತನ್ನನ್ನು ಅಳೆದುಕೊಂಡ.

ಇಲ್ಲಿಗೆ ಬಂದಾಗ ನಾನೊಂದು ಸೂತ್ರ ಮಾಡಿಕೊಂಡಿದ್ದೆ: ತಿದ್ದುವುದು ತಪ್ಪಲ್ಲ, ಜೊತೆಗೆ ಆಡುವವರಿಗೆ ತಿಳಿಸದೆ ತಿದ್ದುವುದು ತಪ್ಪು. ಕಾಂಟ್ರಾದ ಮೂವತ್ತು ಜೀವ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ತಪ್ಪಲ್ಲ. ಓಣಿ ಕ್ರಿಕೆಟ್ಟಿನಲ್ಲಿ ಒಂದು ಪಿಚ್ ಕ್ಯಾಚ್ ಔಟು, ನೇರ ಗೋಡೆ ದಾಟಿದರೆ ಔಟು, ಇವೂ ಎಂಸಿಸಿಯವರ ಆಟದ ತಿದ್ದುಪಡಿಗಳೇ. ಆಟಕ್ಕೆ ಮೊದಲು ಕೂಗಿ ಹೇಳುತ್ತಿದ್ದೆವು. ಸೂತ್ರ ಚೆನ್ನಾಗಿ ಕೂತಿತು ಎಂದುಕೊಂಡಾಗ ನಮ್ಮ ಆಯಿ ಅಡ್ಡ ಬಂದಳು.

ಆಯಿ ನನ್ನ ಜೊತೆ ಚೌಕಾಬಾರ ಆಡುತ್ತಿದ್ದಳು. ಐದಾರು ವರ್ಷದವನಿದ್ದಾಗ ನಾನೇ ಗೆಲ್ಲುತ್ತಿದ್ದೆ. ನನ್ನ ಕಾಯಿ ಕಡಿಯಬಹುದಾದ ಮನೆಯಲ್ಲಿ ಅವಳು ಬೇರೆ ಕಾಯಿ ನಡೆಸುತ್ತಿದ್ದಳು, ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದಳು. ಅದೂ ರಹಸ್ಯವೇ. ಅದೂ ನನ್ನ ಅಳತೆಗೋಲನ್ನು ಬಗ್ಗಿಸಿದ್ದೇ. ನಾನು ಚಾಣಾಕ್ಷ ಎಂದು ಓಣಿಯೆಲ್ಲ ಹೇಳಿಕೊಂಡು ಬಂದಿದ್ದೆ. ಅವಳದು ತಪ್ಪು ಎಂದು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ, ಅದು ಅವಳು ನನ್ನ ಆಯಿ ಎಂಬ ಕಾರಣಕ್ಕಷ್ಟೇ ಅಲ್ಲ. ಆಟ ತಯಾರಿಸುವವರೂ ಇದನ್ನು ಮಾಡುತ್ತಾರೆ. 2005ರಲ್ಲಿ ಬಂದ ರೆಸಿಡೆಂಟ್ ಈವಿಲ್ 4, ಆಡುವವನು ಪದೇಪದೇ ಸಾಯುತ್ತಿದ್ದರೆ ಸದ್ದಿಲ್ಲದೆ ಆಟವನ್ನು ಸುಲಭ ಮಾಡುತ್ತದೆ, ಚೆನ್ನಾಗಿ ಆಡುತ್ತಿದ್ದರೆ ಕಷ್ಟ ಮಾಡುತ್ತದೆ. ಆಟದೊಳಗೆ ಎಲ್ಲೂ ಅದನ್ನು ಹೇಳುವುದಿಲ್ಲ. ಹೇಳಿದರೆ ಅದರ ಕೆಲಸವೇ ಕೆಟ್ಟಿತು.

ಆಯಿಗೂ ನನಗೂ ಇದ್ದ ವ್ಯತ್ಯಾಸ ನನಗೆ ಹೊಳೆದದ್ದು ಒಂದು ಸಣ್ಣ ನೆನಪಿನಿಂದ. ಏಳು ವರ್ಷದವನಿದ್ದಾಗ ಒಮ್ಮೆ ಅನುಮಾನ ಬಂದು, "ಆಯಿ, ನೀ ಬೇಕಂತ ಸೋಲಾಕತ್ತೀ ಏನ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, "ಹೌದು," ಅಂದಳು. ಅಂದೇ ನನ್ನ ಮೂರು ಕಾಯಿ ಕಡಿದಳು. ನಾನು ಅತ್ತೆ. ಮುಂದೆ ಎರಡು ವರ್ಷ ಅವಳನ್ನು ಗೆಲ್ಲಲು ಆಗಲಿಲ್ಲ. ಅವಳ ಗುಟ್ಟು ಕೇಳಿದ ದಿನ ಬಿಚ್ಚಿಕೊಳ್ಳಲು ಸಿದ್ಧವಾಗಿದ್ದ ಗುಟ್ಟು. 2011ರ ಆ ಮೇ ತಿಂಗಳಲ್ಲಿ ಅವನು "ಏನರ ಮಾಡೀಯೇನಲೇ?" ಎಂದು ಕೇಳಿದ್ದರೆ ನಾನು ದೇವರ ಆಣೆ ಹಾಕಿ ಇಲ್ಲ ಎನ್ನುತ್ತಿದ್ದೆ. ಉತ್ತರವನ್ನೂ ತಯಾರು ಮಾಡಿ ಇಟ್ಟುಕೊಂಡಿದ್ದೆ. ಅವನು ಕೇಳಲಿಲ್ಲ, ಅಷ್ಟೇ.

ಇದರಿಂದ ಎಲ್ಲ ಪ್ರಕರಣಗಳೂ ಬಗೆಹರಿಯುತ್ತವೆ ಎಂದು ನಾನು ಹೇಳಲಾರೆ. ಕೇಳುವಷ್ಟು ಅನುಮಾನವೇ ಬಾರದವರ ಗತಿ ಏನು?

ಈಗ ನನ್ನ ಸಂಶೋಧನೆಯ ಕಡೆಗೆ ಸ್ವಲ್ಪ ಹೊರಳಬೇಕು; ಓದುಗರು ಕ್ಷಮಿಸಬೇಕು, ಪಿಎಚ್.ಡಿ. ಮಾಡುವವರು ಎಲ್ಲಿ ಹೋದರೂ ಅಲ್ಲಿಗೇ ಬರುತ್ತಾರೆ. ನನ್ನದು ದಾಸರ ಪದಗಳ ಪಾಠಾಂತರಗಳ ಅಧ್ಯಯನ. ನಮ್ಮ ಭಾಗಕ್ಕೆ ಇದು ಮನೆಯ ವಿಷಯ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ಮನೆಮನೆಯ ಹಾಡಿನ ಪುಸ್ತಕಗಳಲ್ಲಿ ಒಂದೇ ಪದ ಐದು ಕಡೆ ಐದು ರೀತಿ ಸಿಗುತ್ತದೆ. ಒಂದು ನುಡಿ ಹೆಚ್ಚು, ಒಂದು ನುಡಿ ಕಡಿಮೆ, ಅರ್ಥವಾಗದ ಪದದ ಜಾಗದಲ್ಲಿ ಅರ್ಥವಾಗುವ ಪದ. ಧಾಟಿಯಂತೂ ಹೇಳುವುದೇ ಬೇಡ, ಮೊದಲು ಹೇಗೆ ಹಾಡುತ್ತಿದ್ದರೋ ಅದು ಬಹುಪಾಲು ಉಳಿದಿಲ್ಲ. ದೇವದುರ್ಗದ ಅತ್ತಿಯ ಭಜನಾ ಮಂಡಳಿಯಲ್ಲಿ ಒಂದು ಪದವನ್ನು ಹಳೆಯ ಸಿನಿಮಾ ಹಾಡಿನ ಧಾಟಿಯಲ್ಲಿ ಹಾಡುವುದನ್ನು ನಾನೇ ರೆಕಾರ್ಡ್ ಮಾಡಿಕೊಂಡಿದ್ದೇನೆ. ಅತ್ತಿಗೆ ಅದರಲ್ಲಿ ಯಾವ ಅಪಚಾರವೂ ಕಾಣಲಿಲ್ಲ. "ಹಾಡಾಕ ಹಗುರಾಗ್ತದಪ್ಪ," ಎಂದಳು.

ಆದರೆ ಒಂದು ಜಾಗದಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಅದು ಅಂಕಿತ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ರಾಗ ಬದಲಿಸಿ, ತಾಳ ಬದಲಿಸಿ, ನುಡಿ ಮರೆತರೆ ಬಿಡಿ. ಕೊನೆಯಲ್ಲಿ ಬರುವ ಆ ಹೆಸರನ್ನು ಮಾತ್ರ ಹಾಡಿಯೇ ಮುಗಿಸುತ್ತಾರೆ. ಒಬ್ಬರ ಪದಕ್ಕೆ ಇನ್ನೊಬ್ಬರ ಅಂಕಿತ ಸೇರಿರುವ ಪ್ರತಿಗಳೂ ಸಿಗುತ್ತವೆ, ಅವುಗಳನ್ನು ಬಿಡಿಸುವುದೇ ನಮ್ಮ ಕೆಲಸದ ತಲೆನೋವು. ಅದು ಮರೆವಿನಿಂದ ಆದದ್ದೋ, ಬೇಕೆಂದು ಆದದ್ದೋ ಕಾಗದ ಹೇಳುವುದಿಲ್ಲ. ಕ್ರಿಕೆಟ್ 07 ತಿದ್ದುವವರ ನಡುವೆಯೂ ಇದೇ ಮರ್ಯಾದೆ ಇತ್ತು. ಕಂಪನಿಯ ಆಟವನ್ನು ಮುಟ್ಟಿದ್ದಕ್ಕೆ ಯಾರೂ ಯಾರನ್ನೂ ಬೈದದ್ದಿಲ್ಲ. ಒಬ್ಬ ಹುಡುಗ ರಾತ್ರಿಯಿಡೀ ಕೂತು ಬರೆದ ಜೆರ್ಸಿಯನ್ನು ಇನ್ನೊಬ್ಬ ತನ್ನದೆಂದು ಹಂಚಿದರೆ ದೊಡ್ಡ ಜಗಳ. ಪ್ಯಾಚಿನ ಜೊತೆ ಬರುವ ಪುಟ್ಟ ಕಡತದಲ್ಲಿ ಯಾರ ಮುಖ, ಯಾರ ಬ್ಯಾಟು, ಯಾರ ಮೈದಾನ ಎಂದು ಬರೆದಿರುತ್ತಿತ್ತು. ಮೂಲದಿಂದ ಕದ್ದ ಆಟದಲ್ಲೂ ಅಂಕಿತ ಉಳಿಸಿಕೊಂಡಿದ್ದರು.

ಹಾಡಿನ ಪುಸ್ತಕವೊಂದರಲ್ಲಿ ಅಂಕಿತವನ್ನು ಹೊಡೆದುಹಾಕಿ ಮೇಲೆ ಬೇರೊಂದನ್ನು ಬರೆದ ಹಾಳೆ ಸಿಕ್ಕ ದಿನ ನಾನು ಗ್ರಂಥಾಲಯದಿಂದ ಬೇಗ ಎದ್ದುಬಂದೆ. ಅಡಿಟಿಪ್ಪಣಿ ಬರೆಯಲು ಆಗಲಿಲ್ಲ.

ಆ ರಜೆಯ ನಂತರ ಅತ್ತಿಯ ಮಗ ಆಟ ಆಡುವುದನ್ನು ಬಿಟ್ಟು ನೆಟ್ ಸೆಂಟರಿನ ಅಣ್ಣನ ಪಕ್ಕ ಕೂಡತೊಡಗಿದ. ಅಣ್ಣ ಸಿಪಿಯು ಬಿಚ್ಚಿದಾಗ ಟಾರ್ಚು ಹಿಡಿಯುತ್ತಿದ್ದ, ಸ್ಕ್ರೂ ಎಣಿಸಿ ಇಡುತ್ತಿದ್ದ. ಅಲ್ಲಿಂದಲೇ ಈ ಅಂಗಡಿಯವರೆಗೆ ಬಂದ. ನನ್ನ ಮೋಸದಿಂದ ಅವನಿಗೆ ಕಸುಬು ಸಿಕ್ಕಿತು ಎಂದು ಹಲವು ಸಲ ನನಗೆ ನಾನು ಸಮಾಧಾನ ಹೇಳಿಕೊಂಡಿದ್ದೇನೆ. ಅದು ಮೋಸ ಮಾಡಿದವನಿಗೆ ಅನುಕೂಲವಾದ ಕಥೆ. ಅವನು ಆಡುವುದನ್ನೂ ಬಿಡದೆ ಬೆಸುಗೆಯನ್ನೂ ಕಲಿಯಬಹುದಿತ್ತು.

ಆ ಸಂಜೆ ಟಿವಿ ಗೇಮಿನವರು ರೊಕ್ಕ ಕೊಟ್ಟು ಹೋದ ಮೇಲೆ ನಾನು ಹೇಳಿದೆ. ನೇರವಾಗಿ ಬರಲಿಲ್ಲ, ಸುತ್ತಿ ಬಳಸಿ ಬಂತು. ಅವನು ಒಂದು ಫೋನಿನ ಹಿಂಬದಿ ಬಿಸಿ ಮಾಡಿ ಪ್ಲಾಸ್ಟಿಕ್ ಕಾರ್ಡು ತೂರಿಸುತ್ತಿದ್ದ, ಕೈ ನಿಲ್ಲಿಸಲಿಲ್ಲ.

"ಯಾವ ಮ್ಯಾಚಲೇ?" ಎಂದ.

"ಎಲ್ಲಾ ಮ್ಯಾಚೂ. ಎರಡನೇ ವಾರದಿಂದ."

ಫೋನಿನ ಹಿಂಬದಿ ಕಳಚಿತು. ಅದನ್ನು ಪಕ್ಕಕ್ಕಿಟ್ಟು, ಭೂತಗನ್ನಡಿಯನ್ನು ಹಣೆಯ ಮೇಲೆ ಸರಿಸಿ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ನಗುತ್ತಾನೆ ಎಂದೂ ಒಂದು ಆಸೆ ಇತ್ತು.

"ಹೆಸರು ತೆಗಿ ಅಂದಿದ್ದು ನೆನಪೈತಿ," ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನನ್ನ ಜಾಗಕ್ಕ ಯಾರನ್ನ ಹಾಕಿದ್ದಿ?"

ನಾನು ಯೋಚಿಸಿದೆ. ಆ ಪರದೆ, ಆ ಪಟ್ಟಿ, ಖಾಲಿಯಾದ ಮೊದಲ ಸಾಲು ಎಲ್ಲ ಕಣ್ಣಿಗೆ ಬಂತು. ಬೆರಳು ಏನು ಒತ್ತಿತು ಎಂಬುದು ಬರಲಿಲ್ಲ.

"ನೆನಪಿಲ್ಲ," ಎಂದೆ.

"ವಿಚಾರ ಮಾಡಿ ಹೇಳು," ಎಂದು ಭೂತಗನ್ನಡಿ ಇಳಿಸಿಕೊಂಡ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಚಾರ್ಜ್ ಆಗದ ಫೋನು ಹಿಡಿದು ಬಂದರು. ನಾನು ಜಾಗ ಬಿಟ್ಟು ರಸ್ತೆಗೆ ಇಳಿದು ನಿಂತೆ.